ಓದು ಕಲಿಸುವಾಗ ಎಡವುವುದನ್ನೂ ತೋರಿಸಿ

ಮಕ್ಕಳು ‘ಸೂರ್ಯ’ವನ್ನು ‘ಸೂಯರ’ ಎಂದು ಓದುವುದು ಅರ್ಕಾವತ್ತಿನಿಂದ: ಬರೆಯುವುದು ‘ಯ’ ಆದಮೇಲೆ, ಉಚ್ಚರಿಸುವುದು ಅದಕ್ಕೂ ಮೊದಲು. ಐದಾರು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಬೆರಳಿಟ್ಟು ನಾಲ್ಕು ಸಾಲು ಓದಿ. ಆ ಪದ ಬಂದಾಗ ಬೇಕೆಂದೇ ತಡೆದು, “ಸೂಯ... ಅಲ್ಲ, ಅರ್ಕಾವತ್ತು ಇದೆ, ರ್ ಮೊದಲು... ಸೂರ್ಯ” ಎಂದು ಬಾಯಿಬಿಟ್ಟು ಯೋಚಿಸಿ. ಮಗು ಅನುಕರಿಸಬೇಕಾದ್ದು ಈ ತಿದ್ದಿಕೊಳ್ಳುವ ಬಗೆಯನ್ನೇ.

ನೋಡಿ ಕಲಿಯುವುದಕ್ಕೆ ಬೇಕೆಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಹೇಳಿದ ಗಮನ, ನೆನಪು, ಅನುಕರಣೆ, ಪ್ರೇರಣೆ ಎಂಬ ನಾಲ್ಕರಲ್ಲಿ ತರಗತಿಯಲ್ಲಿ ತಪ್ಪಿಹೋಗುವುದು ಮೂರನೆಯದು. ಟೀಚರ್ ಓದುತ್ತಾರೆ, ಮಕ್ಕಳ ಸರದಿ ಬರುವುದೇ ಇಲ್ಲ. ಕೂಡಲೇ ಅದೇ ಸಾಲನ್ನು ಜೋಡಿಯಲ್ಲಿ ಓದಿಸಿ.

ಅತಿ ಚುರುಕಾದ ಮಗುವನ್ನೇ ಮಾದರಿಯಾಗಿ ನಿಲ್ಲಿಸಬೇಡಿ, ದಯವಿಟ್ಟು. ಉಳಿದವರಿಗೆ ‘ನನ್ನಿಂದಾಗದು’ ಎನಿಸುತ್ತದೆ. ಹೋದ ತಿಂಗಳು ತಡವರಿಸುತ್ತಿದ್ದ ಮಗುವೇ ಒಳ್ಳೆಯ ಮಾದರಿ. ಹೊಗಳುವಾಗಲೂ ‘ಜಾಣ’ ಎನ್ನುವ ಬದಲು, “ತಿರುಗಿ ನೋಡಿ ಸರಿಮಾಡಿಕೊಂಡೆಯಲ್ಲ!” ಎನ್ನಿ.