ಮಳೆನೀರಿಗೆ ಇಳಿದ ಮೇಲೆ: ನಗರವಾಸಿಗಳು ಇಲಿಜ್ವರದಿಂದ ಪಾರಾಗುವ ಬಗೆ

2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಲಕ್ಷಾಂತರ ಮಂದಿ ಸೊಂಟದ ಮಟ್ಟದ ನೀರಿನಲ್ಲಿ ಗಂಟೆಗಟ್ಟಲೆ ನಡೆದು ಮನೆ ಸೇರಿದರು. ನೀರು ಇಳಿದು, ಬೀದಿ ಒಣಗಿ, ಜನ ಕೆಲಸಕ್ಕೆ ಮರಳಿದ ಮೇಲೆ ಆಸ್ಪತ್ರೆಗಳಿಗೆ ಜ್ವರಪೀಡಿತರು ಬರತೊಡಗಿದರು. ಅವರಲ್ಲಿ ಅನೇಕರಿಗೆ ತಗುಲಿದ್ದುದು ಲೆಪ್ಟೊಸ್ಪೈರೋಸಿಸ್, ಎಂದರೆ ನಮ್ಮ ಕರಾವಳಿ ಮತ್ತು ಮಲೆನಾಡಿನವರಿಗೆ ಮಳೆಗಾಲದಲ್ಲಿ ಪರಿಚಿತವಾದ ಇಲಿಜ್ವರ. ನೀರಿಗೆ ಇಳಿದ ದಿನಕ್ಕೂ ಜ್ವರ ಏರುವ ದಿನಕ್ಕೂ ನಡುವೆ ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಕೆಲವೊಮ್ಮೆ ಒಂದು ತಿಂಗಳವರೆಗೂ ಅಂತರವಿರುತ್ತದೆ. ಅಷ್ಟರಲ್ಲಿ ನೀರಿನ ನೆನಪೇ ಮಾಸಿಹೋಗಿರುತ್ತದೆ. ಆದ್ದರಿಂದ ಈ ಕಾಯಿಲೆಯ ವಿಚಾರದಲ್ಲಿ ಮೊದಲು ಮಾಡಬೇಕಾದ ಕೆಲಸ, ನಿಂತ ನೀರಿನಲ್ಲಿ ನಡೆದು ಬಂದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು.

ರೋಗಾಣು ಬರುವ ದಾರಿಯನ್ನು ಅರಿತರೆ ಉಳಿದ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. ತಿರುಪಿನಂತೆ ಸುರುಳಿ ಸುತ್ತಿದ, ತುದಿಯಲ್ಲಿ ಕೊಕ್ಕೆಯಂತೆ ಬಾಗಿದ ಈ ಬ್ಯಾಕ್ಟೀರಿಯಾ ಚರಂಡಿಯ ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ನೆಲೆಸುತ್ತದೆ. ಇಲಿಗೆ ಅದರಿಂದ ಹೆಚ್ಚಿನ ತೊಂದರೆಯೇನೂ ಆಗುವುದಿಲ್ಲ. ಅದು ತಿಂಗಳುಗಟ್ಟಲೆ ಮೂತ್ರದ ಜೊತೆ ರೋಗಾಣುವನ್ನು ಹೊರಹಾಕುತ್ತ ಓಡಾಡಿಕೊಂಡಿರುತ್ತದೆ. ನಾಯಿ, ದನ, ಹಂದಿಗಳೂ ಇದನ್ನು ಹೊತ್ತು ತಿರುಗಬಲ್ಲವು. ತೇವದ ಮಣ್ಣಿನಲ್ಲಿ, ಕೆಸರಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುವ ರೋಗಾಣು ಒಣಗಿದ ಜಾಗದಲ್ಲಿ, ಬಿಸಿಲಿನಲ್ಲಿ ಬೇಗನೆ ಸಾಯುತ್ತದೆ. ಮನುಷ್ಯನ ಮೈಯೊಳಗೆ ಅದು ಹೊಗುವುದು ಗಾಯ, ತರಚು ಅಥವಾ ಬಹಳ ಹೊತ್ತು ನೆನೆದು ಮೆತ್ತಗಾದ ಚರ್ಮದ ಮೂಲಕ, ಇಲ್ಲವೇ ಕಣ್ಣು, ಮೂಗು, ಬಾಯಿಗಳ ಮೂಲಕ. ತಂಪು ಪಾನೀಯದ ಡಬ್ಬಿಯ ಮೇಲೆ ಇಲಿ ಮೂತ್ರ ಮಾಡಿದ್ದರಿಂದ ಯಾರೋ ಸತ್ತರೆಂಬ ವಾಟ್ಸ್ಆ್ಯಪ್ ಸಂದೇಶ ವರ್ಷವರ್ಷವೂ ಮರಳಿ ಬರುತ್ತದೆ. ಡಬ್ಬಿಯನ್ನು ತೊಳೆದು ಕುಡಿಯುವುದು ಒಳ್ಳೆಯದೇ, ಆದರೆ ಅದಕ್ಕೆ ಹೆದರುವವರು ಬಿರಿದ ಹಿಮ್ಮಡಿಯಲ್ಲಿ ಹವಾಯಿ ಚಪ್ಪಲಿ ಮೆಟ್ಟಿ ಮೋರಿಯ ನೀರನ್ನು ದಾಟುವುದು ವಿಚಿತ್ರವಾಗಿ ಕಾಣುತ್ತದೆ.

ನೀರು ನಿಂತ ದಿನ ಸಾಧ್ಯವಾದಷ್ಟು ಅದರಲ್ಲಿ ಇಳಿಯಬಾರದು. ಇಳಿಯಲೇಬೇಕಾದರೆ ಮೊಣಕಾಲಿನವರೆಗೆ ಬರುವ ಗಮ್‌ಬೂಟು ಹಾಕಿಕೊಳ್ಳಬೇಕು. ಬೂಟಿನೊಳಗೆ ನೀರು ತುಂಬಿದರೆ ಬರಿಗಾಲಿಗಿಂತ ಪ್ರಯೋಜನವೇನೂ ಇಲ್ಲ, ಚರ್ಮ ಇನ್ನಷ್ಟು ನೆನೆಯುತ್ತದೆ. ಆದುದರಿಂದ ಅಂಥ ಬೂಟನ್ನು ಆಗಿಂದಾಗ್ಗೆ ಬರಿದು ಮಾಡುತ್ತಿರಬೇಕು. ಕಾಲಿನಲ್ಲಿ ಗಾಯವಿದ್ದರೆ ಹೊರಡುವ ಮುನ್ನವೇ ನೀರು ಹೊಗದ ಪಟ್ಟಿಯಿಂದ ಮುಚ್ಚಬೇಕು. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಶುದ್ಧ ನೀರಿನಲ್ಲಿ ಕಾಲು ತೊಳೆದು, ಬೆರಳುಗಳ ಸಂದಿಯನ್ನೂ ಸೇರಿಸಿ ಚೆನ್ನಾಗಿ ಒರೆಸಿಕೊಳ್ಳಬೇಕು. ಒರೆಸಿಕೊಳ್ಳುವುದನ್ನು ಬಹಳ ಮಂದಿ ಮರೆಯುತ್ತಾರೆ.

ಆ ದಿನದಿಂದ ಲೆಕ್ಕ ಆರಂಭವಾಗುತ್ತದೆ. ಮುಂಬೈ ಮಹಾನಗರ ಪಾಲಿಕೆಯು ಮಳೆಗಾಲದಲ್ಲಿ ನೀಡುವ ಸೂಚನೆಯ ಪ್ರಕಾರ, ನಿಂತ ನೀರಿನಲ್ಲಿ ನಡೆದವರು 24ರಿಂದ 72 ಗಂಟೆಗಳ ಒಳಗೆ ವೈದ್ಯರನ್ನು ಕಂಡು ಮುಂಜಾಗ್ರತೆಯ ಔಷಧ ಪಡೆಯಬೇಕು. ಆ ಔಷಧ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್. 2018ರ ಮಹಾಪ್ರವಾಹದ ನಂತರ ಕೇರಳದಲ್ಲಿಯೂ ಇದನ್ನೇ ವ್ಯಾಪಕವಾಗಿ ಹಂಚಲಾಯಿತು. ಒಮ್ಮೆ ನಡೆದವರಿಗೂ, ಗಾಯವಿಟ್ಟುಕೊಂಡು ನಡೆದವರಿಗೂ, ದಿನವೂ ಚರಂಡಿಯಲ್ಲಿ ದುಡಿಯುವ ಪೌರಕಾರ್ಮಿಕರಿಗೂ ಇದರ ಪ್ರಮಾಣ ಬೇರೆ ಬೇರೆಯಾಗಿರುವುದರಿಂದ, ಗರ್ಭಿಣಿಯರಿಗೆ ಮತ್ತು ಎಂಟು ವರ್ಷದೊಳಗಿನ ಮಕ್ಕಳಿಗೆ ವೈದ್ಯರು ಸಾಮಾನ್ಯವಾಗಿ ಬೇರೆ ಔಷಧವನ್ನೇ ಆರಿಸುವುದರಿಂದ, ಪಕ್ಕದ ಮನೆಯವರ ಚೀಟಿ ತೋರಿಸಿ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ತರವಲ್ಲ.

ಮನೆಯೊಳಗೆ ನೀರು ನುಗ್ಗಿದ್ದರೆ ಕೈಗವಸು ಮತ್ತು ಬೂಟು ಹಾಕಿಕೊಂಡೇ ಕೆಸರು ತೆಗೆಯಬೇಕು. ಮೊದಲು ಕೆಸರನ್ನು ಪೂರ್ತಿ ತೊಳೆದು, ಅನಂತರ ಲೀಟರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಿಂದ ನೆಲ ಒರೆಸಿ, ಹತ್ತಿಪ್ಪತ್ತು ನಿಮಿಷ ಬಿಡಬೇಕು. ಕೆಸರಿನ ಮೇಲೆಯೇ ಪೌಡರ್ ಎರಚಿದರೆ ಅದರ ಶಕ್ತಿ ಕೆಸರಿಗೇ ವ್ಯಯವಾಗುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್‌ನೊಂದಿಗೆ ಇದನ್ನು ಎಂದಿಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಕೊನೆಗೆ ಕಿಟಕಿ, ಬಾಗಿಲು ತೆರೆದು ಕೋಣೆ ಒಣಗಲು ಬಿಡಬೇಕು. ಬೀದಿಯ ನೀರು ಸಂಪಿಗೆ ಇಳಿದಿದ್ದರೆ ಅದನ್ನು ಬರಿದು ಮಾಡಿ, ಉಜ್ಜಿ ತೊಳೆದು ಹೊಸದಾಗಿ ತುಂಬಿಸಿ ಕ್ಲೋರಿನ್ ಹಾಕುವವರೆಗೆ ಆ ನೀರನ್ನು ಬಳಸಬಾರದು. ಕುಡಿಯುವ ನೀರನ್ನು ಕುದಿಸಿದರೆ ಸಾಕು.

ಇಲಿಗಳ ವಿಚಾರಕ್ಕೆ ಬಂದರೆ, ಜನ ಮೊದಲು ವಿಷದ ಬಿಲ್ಲೆ ತರುತ್ತಾರೆ. ಮುಂಬೈ ಪಾಲಿಕೆಯಲ್ಲಂತೂ ರಾತ್ರಿ ಹೊತ್ತು ಕೋಲು, ಟಾರ್ಚು ಹಿಡಿದು ಇಲಿ ಹೊಡೆಯಲೆಂದೇ ಸಿಬ್ಬಂದಿ ಇದ್ದಾರೆ. ಆದರೆ ತಿನ್ನಲು ಕಸ, ಅಡಗಲು ಬಿಲ ಸಿಗುತ್ತಿರುವವರೆಗೆ ಸತ್ತ ಇಲಿಗಳ ಜಾಗವನ್ನು ಹೊಸ ಇಲಿಗಳು ಬೇಗನೆ ತುಂಬುತ್ತವೆ. ಬ್ರೆಜಿಲಿನ ಸಾಲ್ವಡಾರ್ ನಗರದ ಕೊಳೆಗೇರಿಗಳಲ್ಲಿ ನಡೆದ ಅಧ್ಯಯನಗಳಲ್ಲಿಯೂ ತೆರೆದ ಚರಂಡಿ ಮತ್ತು ಕಸದ ರಾಶಿಯ ಹತ್ತಿರ ವಾಸಿಸುವವರಿಗೇ ಈ ಸೋಂಕು ಹೆಚ್ಚಾಗಿ ಕಂಡುಬಂದಿತು. ಹಾಗಾಗಿ ಹಸಿ ಕಸವನ್ನು ಮುಚ್ಚಳವಿರುವ ಡಬ್ಬದಲ್ಲಿಡುವುದು, ರಾತ್ರಿ ನಾಯಿಯ ತಟ್ಟೆಯಲ್ಲಿ ಅನ್ನ ಉಳಿಸದಿರುವುದು, ಬಿಲಗಳಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟು ತುಂಬುವುದು, ಬಚ್ಚಲ ತೂಬಿಗೆ ಜಾಲರಿ ಹಾಕುವುದು ವಿಷಕ್ಕಿಂತ ಹೆಚ್ಚು ಫಲ ಕೊಡುತ್ತವೆ. ಓಣಿಯ ಚರಂಡಿಗೆ ಚಪ್ಪಡಿ ಹಾಕಿಸುವುದು ಒಂದು ಮನೆಯಿಂದ ಆಗುವ ಕೆಲಸವಲ್ಲ. ಅದಕ್ಕೆ ಬಡಾವಣೆಯವರೆಲ್ಲ ಸೇರಿ ಪಾಲಿಕೆಗೆ ಬರೆಯಬೇಕು, ಬರೆದು ಸುಮ್ಮನಾಗದೆ ಮಳೆಗಾಲಕ್ಕೆ ಮುಂಚೆಯೇ ಬೆನ್ನುಹತ್ತಬೇಕು. ಸಾಕುನಾಯಿಗೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯಲ್ಲಿ ಲೆಪ್ಟೊ ಸೇರಿದೆಯೇ ಎಂದು ಪಶುವೈದ್ಯರನ್ನು ಕೇಳಬೇಕು.

ಗುರುತು ಹಾಕಿದ ದಿನಾಂಕದಿಂದ ಒಂದು ತಿಂಗಳೊಳಗೆ ಚಳಿಜ್ವರ ಬಂದರೆ ಕಾಯುತ್ತ ಕೂರಬಾರದು. ಮಳೆಗಾಲದ ಜ್ವರವನ್ನು ಎಲ್ಲರೂ ಮೊದಲು ಡೆಂಗಿ ಎಂದೇ ಶಂಕಿಸುತ್ತಾರೆ, ಪ್ಲೇಟ್‌ಲೆಟ್ ಎರಡರಲ್ಲಿಯೂ ಇಳಿಯಬಹುದು. ಆದರೆ ಮೀನಖಂಡವನ್ನು ಒತ್ತಿದರೆ ಸಹಿಸಲಾಗದ ನೋವು, ಗೀಜು ಕಟ್ಟದೆಯೇ ಕೆಂಪಾದ ಕಣ್ಣು, ಇವೆರಡು ಕಂಡರೆ ಇಲಿಜ್ವರದ ಅನುಮಾನ ಬಲವಾಗುತ್ತದೆ. ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು, ಕಫದಲ್ಲಿ ರಕ್ತ ಕಾಣುವುದು ತಡವಾಗಿದೆ ಎಂಬುದರ ಲಕ್ಷಣಗಳು. ಅಂಥವರನ್ನು ನೇರವಾಗಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ನುಂಗಬಾರದು, ಅವು ಮೂತ್ರಪಿಂಡಕ್ಕೆ ಮತ್ತಷ್ಟು ಪೆಟ್ಟು ಕೊಡುತ್ತವೆ.

ವೈದ್ಯರಿಗೆ ಕ್ಯಾಲೆಂಡರಿನ ದಿನಾಂಕವನ್ನೂ ಜ್ವರ ಶುರುವಾದ ದಿನವನ್ನೂ ಹೇಳಬೇಕು, ಏಕೆಂದರೆ ಯಾವ ಪರೀಕ್ಷೆ ಎಂಬುದು ಅದನ್ನೇ ಅವಲಂಬಿಸಿದೆ. ಜ್ವರದ ಮೊದಲ ವಾರದಲ್ಲಿ ರಕ್ತದ ಪಿಸಿಆರ್ ಪರೀಕ್ಷೆ ನೆರವಾಗುತ್ತದೆ. ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ ಐದಾರು ದಿನ ಕಳೆಯುವ ಮುನ್ನ ಮಾಡಿದರೆ ಸೋಂಕು ಇದ್ದರೂ ಇಲ್ಲವೆಂದು ಬರಬಹುದು. ಅನುಮಾನ ಬಲವಾಗಿದ್ದರೆ ವೈದ್ಯರು ವರದಿಗೆ ಕಾಯದೆ ಆ್ಯಂಟಿಬಯಾಟಿಕ್ ಆರಂಭಿಸುವುದು ವಾಡಿಕೆ, ರೋಗಿಯ ಕಡೆಯವರು ಅದಕ್ಕೆ ಗಾಬರಿಯಾಗಬೇಕಿಲ್ಲ. ಗುಣಮುಖರಾದವರು ಇನ್ನು ತಮಗೆ ಬಾರದೆಂದು ಭಾವಿಸುವಂತಿಲ್ಲ: ಈ ರೋಗಾಣುವಿನಲ್ಲಿ 250ಕ್ಕೂ ಹೆಚ್ಚು ಬಗೆಗಳಿವೆ, ಒಂದರಿಂದ ಬಂದ ರೋಗನಿರೋಧಕ ಶಕ್ತಿ ಇನ್ನೊಂದನ್ನು ತಡೆಯುವುದಿಲ್ಲ. ಹಾಗಾಗಿ ಮುಂದಿನ ಮಳೆಗಾಲದಲ್ಲಿ ನೀರಿಗೆ ಇಳಿದರೆ ಅವರೂ ಹೊಸ ಕ್ಯಾಲೆಂಡರಿನಲ್ಲಿ ಮತ್ತೆ ಗುರುತು ಹಾಕಬೇಕು.