‘ಸ್ನಾನ ಹೆಂಗ ಮಾಡ್ತೀರಿ?’

ದೀಪಾವಳಿ ಮುಗಿದ ವಾರ. ನವಲಗುಂದ ಕಡೆಯ ಒಬ್ಬ ತಾಯಿ ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದಿದ್ದರು. ಹುಡುಗನಿಗೆ ಮೂರು ಸಲ ಫಿಟ್ಸ್ ಬಂದಿತ್ತು. ಸ್ಕ್ಯಾನ್ ನಾರ್ಮಲ್, ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಪರೀಕ್ಷೆಯೂ ನಾರ್ಮಲ್. ನಾನಾಗ ಹೊಸ ನರರೋಗ ತಜ್ಞ. ಮಾತ್ರೆ ಬರೆಯಲು ಪೆನ್ನು ತೆಗೆದಿದ್ದೆ.

“ಎಣ್ಣಿ ಹಚ್ಚಿ ನೀರು ಹಾಕಾಕತ್ತಿದ್ನಿರಿ ಸಾಹೇಬ್ರ. ನಾಕನೇ ತಂಬಗಿಗೆ ಕಣ್ಣ ಮ್ಯಾಲ ಹೋದವು” ಎಂದರು ಆ ತಾಯಿ.

“ಮೈಗೆ ಹಾಕಿದಾಗ ಏನೂ ಆಗಲಿಲ್ಲೇನವ್ವಾ?”

“ಇಲ್ರಿ. ತಲಿಗೆ ಹಾಕಿದಾಗಷ್ಟ.”

ಪೆನ್ನು ಕೆಳಗಿಟ್ಟೆ. ಇದು ಬಿಸಿನೀರಿನ ಮೂರ್ಛೆ ರೋಗ. ಬೇರೆ ದೇಶಗಳಲ್ಲಿ ಅಪರೂಪ, ನಮ್ಮ ಕರ್ನಾಟಕದಲ್ಲಿ ಹಾಗಲ್ಲ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಜೊತೆಗಾರರು 1988ರಲ್ಲೇ ಇಂಥ 279 ಜನರ ಬಗ್ಗೆ ಬರೆದಿದ್ದರು. ಅದನ್ನು ಓದಿದ್ದೆ. ಆದರೂ ‘ಸ್ನಾನ ಹೆಂಗ ಮಾಡ್ತೀರಿ’ ಎಂದು ನಾನಾಗಿ ಕೇಳಿರಲಿಲ್ಲ. ನನ್ನ ಸಂಶೋಧನೆ ಶುರುವಾಗಿದ್ದು ಅಲ್ಲಿಂದ.

ಅವತ್ತೇ ಒಂದು ಉದ್ದನೆಯ ನೋಟ್‌ಬುಕ್ ತಂದೆ. ತಲೆಗೆ ನೀರು ಹಾಕಿಕೊಳ್ಳುವುದು ಎಷ್ಟು ದಿನಕ್ಕೊಮ್ಮೆ? ತಂಬಿಗೆ ಮೇಲೆ ತಂಬಿಗೆ ಸುರಿಯುತ್ತೀರಾ, ನಿಲ್ಲಿಸಿ ನಿಲ್ಲಿಸಿ ಹಾಕುತ್ತೀರಾ? ನೀರು ಎಷ್ಟು ಬಿಸಿ? ಕೊನೆಯ ಪ್ರಶ್ನೆಗೆ ಎಲ್ಲರ ಉತ್ತರವೂ ಒಂದೇ, “ಭಾಳ ಏನಿಲ್ರಿ, ಉಗುರು ಬೆಚ್ಚಗ.” ನನಗೆ ನಂಬಿಕೆ ಬರಲಿಲ್ಲ. ಒಂದು ಭಾನುವಾರ ಆ ಹುಡುಗನ ಮನೆಗೇ ಹೋದೆ. ಜ್ವರ ನೋಡುವ ಥರ್ಮಾಮೀಟರ್ 42 ಡಿಗ್ರಿಗೆ ನಿಂತುಬಿಡುತ್ತದೆ, ಅದಕ್ಕೆ ಲ್ಯಾಬಿನ ಉದ್ದನೆಯ ಥರ್ಮಾಮೀಟರ್ ಒಯ್ದಿದ್ದೆ. ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ಹತ್ತಿ ಕಟ್ಟಿಗೆಯ ಉರಿ. ಅಜ್ಜಿ ತಣ್ಣೀರು ಬೆರೆಸಿ, ಕೈ ಅದ್ದಿ, “ಹದ ಐತಿ ನೋಡ್ರಿ” ಎಂದರು. ಪಾದರಸ 47ಕ್ಕೆ ಹೋಗಿ ನಿಂತಿತು. ಒಲೆ ಮುಂದೆ ಪಳಗಿದ ಕೈ, ಆ ಕೈಗೆ ಅದು ಉಗುರುಬೆಚ್ಚಗೇ. ಅಜ್ಜಿ ಹೇಳಿದ್ದು ಸುಳ್ಳಲ್ಲ, ಅಲ್ವಾ?

ಚಿಕಿತ್ಸೆ ಸರಳ. ನೀರಿನ ಬಿಸಿ ಇಳಿಸುವುದು, ತಲೆಗೆ ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಅಷ್ಟರಲ್ಲಿ ನಿಲ್ಲದಿದ್ದರೆ ತಲೆಸ್ನಾನದ ದಿನ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ. ಕೆಲವರಿಗೆ ಮುಂದೆ ಸ್ನಾನವಿಲ್ಲದೆಯೂ ಫಿಟ್ಸ್ ಬರುತ್ತದೆ. ಅವರಿಗೆ ದಿನಾ ಮಾತ್ರೆ ಬೇಕು. ಇನ್ನು ಕೆಲವರು ಗುಟ್ಟಾಗಿ ಒಂದು ಮಾತು ಹೇಳುತ್ತಾರೆ. ನೀರು ಬೀಳುತ್ತಾ ಹೋದಂತೆ ಒಂಥರಾ ಸುಖ ಆಗುತ್ತದೆ, ನಿಲ್ಲಿಸಲು ಮನಸ್ಸಾಗುವುದಿಲ್ಲ ಎಂದು. ಅದೂ ರೋಗದ್ದೇ ಭಾಗ. ಬೈದರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ.

ಆಮೇಲೆ ಹಳ್ಳಿಗಳಿಗೆ ಹೋದೆ. ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮಾಡಿದ ಕೆಲಸ ನನ್ನ ಕಣ್ಣ ಮುಂದಿತ್ತು. ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಮೂರ್ಛೆ ರೋಗ ಹತೋಟಿಗೆ ತರಬಹುದು ಎಂದು ಅವರ ತಂಡ 2001ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ತೋರಿಸಿತ್ತು. ಬೆಂಗಳೂರು ಸುತ್ತ ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ನೋಡಿದ ಡಾ. ಗೌರಿದೇವಿ ಅವರ ಸಮೀಕ್ಷೆಯಲ್ಲಿ ಪಟ್ಟಣಕ್ಕಿಂತ ಹಳ್ಳಿಯಲ್ಲಿ ಈ ರೋಗ ಎರಡು ಪಟ್ಟು ಕಂಡಿತ್ತು, ಸಾವಿರಕ್ಕೆ ಸುಮಾರು 12. ನಮ್ಮ ಊರುಗಳಲ್ಲಿ ಮಾತ್ರ ಮನೆ ಮನೆಗೆ ಹೋಗಿ “ಫಿಟ್ಸ್ ಇರೋರು ಅದಾರೇನ್ರಿ” ಎಂದರೆ ಯಾರೂ ಇಲ್ಲ. ಮದುವೆಗೆ ಬಂದ ಮಗಳಿರುತ್ತಾಳೆ, ಯಾರು ಹೇಳುತ್ತಾರೆ? ಹಿಂದೂ ವಿವಾಹ ಕಾಯ್ದೆಯಿಂದ ಮೂರ್ಛೆ ರೋಗದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಜನರ ಮನಸ್ಸಿನಿಂದ ಅದು ಹೋಗಿಲ್ಲ.

ದಾರಿ ತೋರಿಸಿದ್ದು ಒಬ್ಬ ಆಶಾ ಕಾರ್ಯಕರ್ತೆ. “ಹಂಗ ಕೇಳಬ್ಯಾಡ್ರಿ ಸರ. ‘ಬಾವಿ ಹತ್ರ, ಒಲಿ ಹತ್ರ ಒಬ್ಬರನ್ನ ಬಿಡಂಗಿಲ್ಲ ಅನ್ನೋರು ನಿಮ್ಮನ್ಯಾಗ ಯಾರರ ಅದಾರೇನು’ ಅಂತ ಕೇಳ್ರಿ” ಎಂದರು. ಹಾಗೇ ಕೇಳಿದೆವು. ಒಳಕೋಣೆಯಿಂದ ಜನ ಹೊರಗೆ ಬಂದರು. ಒಬ್ಬಳ ಮುಂಗೈ ತುಂಬ ಸುಟ್ಟ ಕಲೆ. ರೊಟ್ಟಿ ಬಡಿಯುವಾಗ ಬಂದ ಫಿಟ್ಸ್.

ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ನನಗೆ ಕಲಿಸಿದ್ದು ಒಂದು ತಪ್ಪಿನಿಂದ. ಗದಗಿನ ಕಾಲೇಜು ಹುಡುಗಿಗೆ ಎರಡೂ ಕಾಲು ಜೋಮು ಹಿಡಿದಿತ್ತು. ಪರೀಕ್ಷೆಯ ಚಿಂತೆ ಎಂದುಕೊಂಡು ವಿಟಮಿನ್ ಮಾತ್ರೆ ಬರೆದುಕೊಟ್ಟೆ. ಮೂರು ವಾರದಲ್ಲಿ ಸರಿಯಾಯಿತು. ಎಂಟು ತಿಂಗಳಿಗೆ ಒಂದು ಕಣ್ಣು ಮಂಜಾಗಿ ವಾಪಸ್ ಬಂದಳು. ನರದ ಮೇಲಿನ ಮಯಲಿನ್ ಪದರ ಇವತ್ತು ಇಲ್ಲಿ, ನಾಳೆ ಅಲ್ಲಿ ಹಾಳಾಗುವ ರೋಗ ಇದು. ತಾನಾಗಿಯೇ ಇಳಿಯುವುದರಿಂದಲೇ ಮೋಸ ಮಾಡುತ್ತದೆ. ಆ ಹುಡುಗಿಗೆ ಕಳೆದುಹೋದ ಎಂಟು ತಿಂಗಳು ನನಗೆ ಇವತ್ತಿಗೂ ಚುಚ್ಚುತ್ತದೆ.

ಆ ಮೇಲೆ ಹಾವೇರಿ ಕಡೆಯ ಒಬ್ಬ ಟೀಚರ್ ಬಂದರು. ಏಪ್ರಿಲ್ ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿಗೆ ನಡೆದರೆ ಕಣ್ಣು ಮಂಜು, ನೆರಳಲ್ಲಿ ಕೂತರೆ ಸರಿ. ನನ್ನ ಹಳೆಯ ಪ್ರಶ್ನೆಯನ್ನೇ ಕೇಳಿದೆ. “ಬಿಸಿನೀರು ಜಳಕ ಮಾಡಿದ ದಿನ ಬೋರ್ಡ್ ಮೇಲಿನ ಅಕ್ಷರ ಕಾಣಂಗಿಲ್ರಿ” ಎಂದರು. ಪದರ ಕಳೆದುಕೊಂಡ ನರದಲ್ಲಿ ಬಿಸಿ ಏರಿದರೆ ಸಂದೇಶ ನಿಂತುಬಿಡುತ್ತದೆ. ಮೈ ದಣಿದಾಗ ಕಣ್ಣು ಹೀಗೆ ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟಾಫ್ 1890ರಲ್ಲೇ ಬರೆದಿದ್ದರು. ಎಂಆರ್‌ಐ ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿಯೂ ಎಂಎಸ್ ಪತ್ತೆ ಮಾಡುತ್ತಿದ್ದರು. ಅದೇ ಬಚ್ಚಲು, ಬೇರೆ ರೋಗ.

ಬೆನ್ನಿನ ನೀರು ತೆಗೆಯುವ ಪರೀಕ್ಷೆ ಎಂದಾಗ ಅವರ ಅತ್ತೆ ಎದ್ದು ನಿಂತರು, “ಸೊಂಟ ಹೋಗ್ತೈತ್ರಿ!” ಅರ್ಧ ಗಂಟೆ ಚಿತ್ರ ಬರೆದು ತೋರಿಸಿದೆ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ರಕ್ತದಲ್ಲಿ ಅಕ್ವಾಪೋರಿನ್-4 ಆ್ಯಂಟಿಬಾಡಿಯನ್ನೂ ನೋಡಿಸಿದೆ. 2004ರಲ್ಲಿ ಈ ಆ್ಯಂಟಿಬಾಡಿ ಸಿಕ್ಕ ಮೇಲೆ, ಎಂಎಸ್‌ನಂತೆಯೇ ಕಾಣುವ, ಕಣ್ಣಿನ ನರ ಮತ್ತು ಬೆನ್ನುಹುರಿಗೆ ಬರುವ ಎನ್‌ಎಂಒ ಎಂಬ ರೋಗವನ್ನು ಬೇರೆ ಮಾಡಲು ಸಾಧ್ಯವಾಯಿತು. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಎನ್‌ಎಂಒ ಇರುವವರಿಗೆ ಕೊಟ್ಟರೆ ರೋಗ ಜಾಸ್ತಿಯಾಗಬಹುದು. ಸುಮ್ನೆ ಊಹೆ ಮೇಲೆ ಔಷಧ ಶುರು ಮಾಡಬಾರದು. ಟೀಚರ್‌ಗೆ ಇದ್ದದ್ದು ಎಂಎಸ್ಸೇ.

ಈಗ ಎಂಎಸ್ ಇರುವವರಿಗೆ ಒಂದೊಂದು ಚಿಕ್ಕ ದಿನಚರಿ ಪುಸ್ತಕ ಕೊಡುತ್ತಿದ್ದೇನೆ. ಎದ್ದ ಹೊತ್ತು, ಸ್ನಾನದ ಹೊತ್ತು, ಬಿಸಿಲಲ್ಲಿ ನಡೆದದ್ದು, ಕಣ್ಣು ಕಾಲು ಹೇಗಿತ್ತು, ಇಷ್ಟೇ. ಮೊದಲು ವಾಪಸ್ ಬಂದದ್ದು ಟೀಚರ್ ಅವರದು. ಕೆಂಪು ಇಂಕಿನಲ್ಲಿ, ಪೇಪರ್ ತಿದ್ದಿದ ಹಾಗೆ, ಒಂದು ದಿನವೂ ಬಿಡದೆ ಬರೆದಿದ್ದಾರೆ. ಏಪ್ರಿಲ್ 9ರ ಪುಟದಲ್ಲಿ ಹೀಗಿದೆ: “ತಣ್ಣೀರು ಸ್ನಾನ. ತಲೆ ಮೇಲೆ ಒದ್ದೆ ಟವೆಲ್. ಕೊನೆಯ ಬೆಂಚಿನವರೆಗೂ ಮುಖ ಕಂಡವು.”