ಜೊತೆಗಾರರೊಡನೆ ಓಟ: ಮುಂಬಯಿಯಲ್ಲಿ ಹೊಸದಾಗಿ ಓಡತೊಡಗುವವರಿಗೆ

ಮುಂಬಯಿಯಲ್ಲಿ ಹೊಸದಾಗಿ ಓಡಲು ತೊಡಗುವವರಿಗೆ ನನ್ನ ಮೊದಲ ಸಲಹೆಯೆಂದರೆ, ಶೂ ಕೊಳ್ಳುವ ಮೊದಲೇ ಒಬ್ಬ ಜೊತೆಗಾರರನ್ನು ಗೊತ್ತುಮಾಡಿಕೊಳ್ಳಿ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ನಿಂತು ಬಂದು, ರಾತ್ರಿ ಒಂಬತ್ತರ ಮೇಲೆ ಮನೆ ಸೇರುವವರಿಗೆ ಬೆಳಗಿನ ಐದರ ಅಲಾರಂ ಆರಿಸಿ ಮತ್ತೆ ಮಲಗಲು ನೂರು ಕಾರಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ನ್ಯಾಯವಾದವೇ. ಆದರೆ ಕೆಳಗೆ ಗೇಟಿನ ಬಳಿ ಒಬ್ಬರು ಕಾಯುತ್ತಿದ್ದಾರೆಂದು ಗೊತ್ತಿದ್ದರೆ ಎದ್ದು ಹೋಗಲೇಬೇಕಾಗುತ್ತದೆ.

ಆ ಜೊತೆಗಾರರು ನಿಮ್ಮಷ್ಟೇ ವೇಗದವರಾಗಬೇಕಿಲ್ಲ, ನಿಮ್ಮ ವಯಸ್ಸಿನವರೂ ಆಗಬೇಕಿಲ್ಲ. ಮನೆ ಹತ್ತಿರವಿದ್ದರೆ ಸಾಕು. ಸೊಸೈಟಿಯಲ್ಲಿ ಯಾರೂ ಸಿಗದಿದ್ದರೆ, ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೋ ಕುರ್ಲಾದ ಬಂಟರ ಸಂಘಕ್ಕೋ ಕಾರ್ಯಕ್ರಮಕ್ಕೆಂದು ಹೋದಾಗ ಪರಿಚಿತರ ಕಿವಿಗೆ ಮಾತು ಹಾಕಿ ನೋಡಿ. ತಾನೂ ಶುರುಮಾಡಬೇಕೆಂದು ವರ್ಷಗಳಿಂದ ಅಂದುಕೊಳ್ಳುತ್ತಿರುವವರು ಎಲ್ಲ ಕಡೆಯೂ ಇದ್ದಾರೆ.

ಜಾಗದ ಆಯ್ಕೆಯನ್ನು ಜನ ಅಷ್ಟಾಗಿ ಯೋಚಿಸುವುದಿಲ್ಲ, ಆದರೆ ನನ್ನ ಮಟ್ಟಿಗೆ ಇದು ಮುಖ್ಯವಾದ ವಿಷಯ. ಮರೀನ್ ಡ್ರೈವ್ ಎಷ್ಟೇ ಸುಂದರವಾಗಿದ್ದರೂ ಅದು ಒಂದೇ ಉದ್ದದ ದಾರಿ. ವೇಗದವರು ಮುಂದೆ ಹೋದರೆ ಹಿಂದುಳಿದವರು ಒಂಟಿಯಾಗುತ್ತಾರೆ. ದಾದರಿನ ಶಿವಾಜಿ ಪಾರ್ಕ್ ಹಾಗಲ್ಲ. ಮೈದಾನದ ಸುತ್ತಳತೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಸುತ್ತಲೂ ಕುಳಿತುಕೊಳ್ಳಲು ತಗ್ಗಾದ ಕಟ್ಟೆಯಿದೆ. ಒಬ್ಬರು ಐದು ಸುತ್ತು ಓಡುವಾಗ ಇನ್ನೊಬ್ಬರು ಮೂರು ಸುತ್ತು ನಡೆದರೂ ಇಬ್ಬರೂ ಮತ್ತೆ ಮತ್ತೆ ಎದುರಾಗುತ್ತಾರೆ, ಒಟ್ಟಿಗೇ ಮುಗಿಸುತ್ತಾರೆ. ನಮ್ಮ ಜೊತೆ ಬರುವ, ಹೋಟೆಲಿನಲ್ಲಿ ರಾತ್ರಿ ಪಾಳಿ ಮುಗಿಸಿದ ಒಬ್ಬರು ಎಷ್ಟೋ ಸಲ "ಇವತ್ತು ನನಗೆ ಒಂದೇ ರೌಂಡ್ ಮಾರಾಯ್ರೆ, ನೀವು ಓಡಿ, ನಾನು ಇಲ್ಲೇ ಕೂತಿರ್ತೇನೆ" ಎಂದು ಕಟ್ಟೆಯ ಮೇಲೆ ಕೂರುತ್ತಾರೆ. ಆದರೆ ಬರುವುದನ್ನು ತಪ್ಪಿಸುವುದಿಲ್ಲ. ದೂರದ ಉಪನಗರಗಳಲ್ಲಿ ಇರುವವರು ತಮ್ಮ ಹತ್ತಿರ ಇಂಥದೇ ಸುತ್ತುದಾರಿಯಿರುವ ಮೈದಾನವನ್ನು ಹುಡುಕಿಕೊಳ್ಳಬೇಕು.

ಮೊದಲ ವಾರಗಳಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬಂತೆ ಅರ್ಧ ಗಂಟೆ, ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು ಕೊಟ್ಟು ಮಾಡಿ. ಓಡುವಾಗ ಪಕ್ಕದವರಿಗೆ ಒಂದು ಪೂರ್ತಿ ವಾಕ್ಯವನ್ನು ಉಸಿರು ಕಡಿಯದೆ ಹೇಳಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಪಳಗಿಬಿಡುತ್ತವೆ, ಸ್ನಾಯುರಜ್ಜುಗಳಿಗೂ ಮೂಳೆಗಳಿಗೂ ತಿಂಗಳುಗಳು ಬೇಕು. ಉಸಿರು ಹಿಡಿತಕ್ಕೆ ಬಂದಿತೆಂದು ದೂರವನ್ನು ಒಮ್ಮೆಲೇ ಏರಿಸಿದವರು ನೋವು ಮಾಡಿಕೊಳ್ಳುವುದು ಇದರಿಂದಲೇ. ಮಾತಾಡಲು ಬಿಡುವ ಈ ವೇಗವೇ ಆರಂಭದ ಸರಿಯಾದ ವೇಗ, ಸ್ನೇಹ ಬೆಳೆಯುವುದೂ ಈ ವೇಗದಲ್ಲೇ. ಮುಖಾಮುಖಿ ಕುಳಿತಾಗ ಹೇಳಲಾಗದ ಮನೆಯ ಚಿಂತೆ, ಕೆಲಸದ ಬೇಸರಗಳನ್ನು ಪಕ್ಕಪಕ್ಕದಲ್ಲಿ ಓಡುತ್ತಾ ಹೇಳಿಕೊಳ್ಳುವುದು ಸುಲಭ. ಆಫೀಸಿನಲ್ಲಿ 'ಸರ್' ಎನಿಸಿಕೊಂಡವರೂ ಅಲ್ಲಿ ಎರಡು ವಾರದಲ್ಲಿ 'ಅಣ್ಣ'ನೋ 'ಅಕ್ಕ'ನೋ ಆಗಿಬಿಡುತ್ತಾರೆ.

ಬದ್ಧತೆಗೆ ಕೆಲವು ಕಟ್ಟುಪಾಡುಗಳು ಬೇಕು. ಬರಲಾಗದಿದ್ದರೆ ಹಿಂದಿನ ರಾತ್ರಿ ಮಲಗುವ ಮೊದಲೇ ತಿಳಿಸಬೇಕು, ಬೆಳಿಗ್ಗೆ ಅಲ್ಲ. ಐದು ನಿಮಿಷಕ್ಕಿಂತ ಹೆಚ್ಚು ಯಾರನ್ನೂ ಕಾಯಿಸಬಾರದು. ಓಡಲು ಆಗದ ದಿನವೂ ಬಂದು ನಡೆಯಬಹುದು, ಆದರೆ ಜ್ವರವಿದ್ದಾಗ ಬರಕೂಡದು.

ಹವೆಯ ವಿಷಯದಲ್ಲಿ ಬೆಂಗಳೂರು, ಧಾರವಾಡಗಳಿಂದ ಬಂದವರು ವಿಶೇಷವಾಗಿ ಎಚ್ಚರದಿಂದಿರಬೇಕು. ಇಲ್ಲಿ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಆರುವುದಿಲ್ಲ, ಹಾಗಾಗಿ ಮೈ ತಂಪಾಗುವುದಿಲ್ಲ. ಊರಿನಲ್ಲಿ ಓಡುತ್ತಿದ್ದ ವೇಗ ಇಲ್ಲಿ ಬರಲಿಲ್ಲವೆಂದು ಕುಗ್ಗಬೇಡಿ. ಬಿಸಿಲೇರುವ ಮೊದಲೇ ಮುಗಿಸಿ, ಮುಗಿದ ಮೇಲೆ ಉಪ್ಪು ಹಾಕಿದ ನಿಂಬೆ ಶರಬತ್ತನ್ನೋ ಪುನರ್ಪುಳಿ ಶರಬತ್ತನ್ನೋ ಕುಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಓಡಲು ಅಡ್ಡಿಯಿಲ್ಲ, ಆದರೆ ನಿಂತ ನೀರಿನಲ್ಲಿ ಕಾಲಿಡಲೇಬಾರದು: ಕೆಳಗೆ ತೆರೆದ ಮ್ಯಾನ್‌ಹೋಲ್ ಇರಬಹುದು, ಮತ್ತು ಕಾಲಿನ ಸಣ್ಣ ಗಾಯದ ಮೂಲಕವೂ ಲೆಪ್ಟೋಸ್ಪೈರೋಸಿಸ್ (ಇಲಿಜ್ವರ) ತಗಲಬಹುದು. ಪಾಚಿ ಕಟ್ಟಿದ ಪೇವರ್ ಬ್ಲಾಕುಗಳ ಮೇಲೆ ನಡೆದೇ ಹೋಗಿ.

ನೋವನ್ನು ಬೇಗ ಗುರುತಿಸಲು ಜೊತೆಗಾರರ ಕಿವಿ ಬಹಳ ಉಪಯುಕ್ತ. ಎರಡು ಹೆಜ್ಜೆಗಳ ಸದ್ದು ಸಮನಾಗಿರದೆ ಒಂದು ಪಾದ ಮಾತ್ರ ನೆಲಕ್ಕೆ 'ಧಪ್' ಎಂದು ಬೀಳತೊಡಗಿದರೆ, ಕುಂಟುತ್ತಿರುವವರಿಗಿಂತ ಮೊದಲು ಅದು ಪಕ್ಕದವರಿಗೆ ತಿಳಿಯುತ್ತದೆ. ತಿಳಿದೊಡನೆ ಹೇಳಿಬಿಡಬೇಕು, ಕೇಳಿದವರು ಅಂದಿನ ಓಟವನ್ನು ಅಲ್ಲಿಗೇ ನಿಲ್ಲಿಸಬೇಕು. ಮೊಣಕಾಲ ಕೆಳಗಿನ ಮೂಳೆಯಲ್ಲಿ ಬೆರಳಿಟ್ಟು ತೋರಿಸುವಂತೆ ಒಂದೇ ಜಾಗದಲ್ಲಿ ನೋವಿದ್ದರೆ ವೈದ್ಯರನ್ನು ಕಾಣಿ.

ಮುಂಬಯಿ ಮ್ಯಾರಥಾನ್ 2004ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಜನವರಿಯ ಮೂರನೆಯ ಭಾನುವಾರ. ಮೊದಲ ವರ್ಷವೇ 42.195 ಕಿಲೋಮೀಟರಿನ ಪೂರ್ಣ ಓಟಕ್ಕೆ ಹೆಸರು ಕೊಡುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಹತ್ತು ಕಿಲೋಮೀಟರು, ಆಮೇಲೆ 21 ಕಿಲೋಮೀಟರಿನ ಅರ್ಧ ಓಟ ಆಗಲಿ. ಜೊತೆಯವರೆಲ್ಲ ಒಂದೇ ಓಟಕ್ಕೆ ಹೆಸರು ಕೊಟ್ಟರೆ ಮಳೆಗಾಲದಿಂದ ಚಳಿಗಾಲದವರೆಗಿನ ಭಾನುವಾರಗಳು ತಾವಾಗಿಯೇ ನಿಗದಿಯಾಗುತ್ತವೆ.

ಯಾರಾದರೂ ಬರುವುದನ್ನು ನಿಲ್ಲಿಸಿದರೆ, ಗುಂಪಿನಲ್ಲಿ ಎಲ್ಲರೆದುರು ಕೇಳದೆ, ಒಬ್ಬರೇ ಫೋನ್ ಮಾಡಿ. ಏಕೆ ಬರಲಿಲ್ಲವೆಂದು ವಿಚಾರಿಸುವ ಬದಲು, ಭಾನುವಾರ ಬೆಳಿಗ್ಗೆ ಮಾಟುಂಗಾ ಸ್ಟೇಷನ್ ಬಳಿಯ ಉಡುಪಿ ಹೋಟೆಲಿಗೆ ಕಾಫಿಗೆ ಕರೆಯಿರಿ. ಅವರು ಮರಳಿ ಬಂದ ಮೊದಲ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯ ಲೆಕ್ಕಕ್ಕೇ ಇಬ್ಬರೂ ಇಳಿಯಿರಿ. ನಿಮ್ಮ ಉದ್ದದ ಓಟವನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳಿ.